ಅವಳಿ ತಳಿಯ ಟಗರು ನಮ್ಮ ಮನೆ ಸೇರಿದ ಮೇಲೆ

ಕುರಿ ಸಾಕುವ ಮನೆಯಲ್ಲಿ ನಗುವುದಕ್ಕೆ ಬೇರೆ ಏರ್ಪಾಡು ಬೇಕಿಲ್ಲ. ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆದರೆ ಸಾಕು, ಏನಾದರೊಂದು ನಡೆದೇ ನಡೆಯುತ್ತದೆ. ಅದರಲ್ಲೂ ಹಠದ ಮಾವ, ಮಾತು ಕಡಿಮೆಯ ಗಂಡ, ಕುರಿ ತಳಿ ಸುಧಾರಿಸಿಯೇ ತೀರುತ್ತೇನೆ ಎಂದು ಹೊರಟ ಸೊಸೆ, ಈ ಮೂವರೂ ಒಂದೇ ಸೂರಿನಡಿ ಇದ್ದರೆ ಕೇಳುವುದೇ ಬೇಡ.

ಆ ಸೊಸೆ ನಾನೇ. ತವರು ಕನಕಪುರದ ಕಡೆ. ಕೊಟ್ಟಿದ್ದು ಚನ್ನಪಟ್ಟಣ ತಾಲ್ಲೂಕಿಗೆ, ಅಕ್ಕೂರಿನ ಪಕ್ಕದ ಹಳ್ಳಿಗೆ. ನಮ್ಮೆಜಮಾನರು ರೇಷ್ಮೆ ಹುಳು ನೋಡಿಕೊಳ್ಳುತ್ತಾರೆ, ನಾನು ಕುರಿ ನೋಡಿಕೊಳ್ಳುತ್ತೇನೆ. ಹುಳು ತಿಂದು ಬಿಟ್ಟ ಸೊಪ್ಪು, ಕಡ್ಡಿಯೆಲ್ಲ ಕುರಿಗೆ. ನಮ್ಮ ಮಾವ ಇಬ್ಬರನ್ನೂ ನೋಡಿಕೊಳ್ಳುತ್ತಾರೆ, ಅಂದರೆ ಇಬ್ಬರಿಗೂ ಬೈಯುತ್ತಾರೆ.

ಇವತ್ತು ಸುತ್ತಮುತ್ತಲ ಊರುಗಳಲ್ಲಿ ನಮ್ಮದನ್ನು ‘ಅವಳಿ ಮನೆ’ ಅನ್ನುತ್ತಾರೆ. ಬಸ್ಸಿನಲ್ಲಿ ಯಾರಾದರೂ ಹಾಗಂದರೆ ನಾನು ಕೇಳಿಸದವಳ ಹಾಗೆ ಕಿಟಕಿ ಕಡೆ ನೋಡುತ್ತೇನೆ, ಇನ್ನೊಂದು ಸಲ ಅನ್ನಲಿ ಅಂತ. ಆದರೆ ಆ ಹೆಸರು ಸುಮ್ಮನೆ ಬರಲಿಲ್ಲ.

ಒಸಿ ಬೊಗಳಿಸಿ ನೋಡು

ನಮ್ಮ ಕಡೆ ಬಂಡೂರು ಕುರಿ ಅಂದರೆ ಒಂದು ಮರ್ಯಾದೆ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ಮಗುಚಿಟ್ಟ ಲಾಳದ ಆಕಾರ. ಅದರ ಮಾಂಸದ ರುಚಿ ಇನ್ನೊಂದಕ್ಕಿಲ್ಲ ಅಂತ ನಮ್ಮ ಮಾವನ ವಾದ, ನನ್ನದೂ ಅದೇ. ಒಂದೇ ಕೊರತೆ, ಬಂಡೂರು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ.

ಒಂದು ಸಲ ಕುರಿ ಸಾಕುವವರಿಗೆ ತರಬೇತಿ ಅಂತ ಕರೆದಿದ್ದರು, ಹೋಗಿದ್ದೆ. ಅಲ್ಲಿ ನಮ್ಮ ದನದ ಡಾಕ್ಟರಮ್ಮ ಹೇಳಿದರು: “ಅವಳಿ ಹಾಕೋ ತಳಿಯ ಟಗರು ತಂದು ಬಂಡೂರು ಕುರಿಗೆ ಬಿಟ್ಟರೆ, ಮೈಕಟ್ಟು ಬಂಡೂರಿಂದು ಉಳಿಯುತ್ತೆ, ಮರಿ ಎರಡೆರಡಾಗುತ್ತೆ.” ಅದರ ಮುಂದೆ ಅವರು ಇನ್ನೂ ಏನೋ ಹೇಳಿದರು. ನನ್ನ ಕಿವಿಗೆ ಬೀಳಲಿಲ್ಲ. ನಾನಾಗಲೇ ಮನಸ್ಸಿನಲ್ಲಿ ಕೊಟ್ಟಿಗೆಯ ಗೋಡೆ ಒಡೆಸಿ ದೊಡ್ಡದು ಮಾಡಿಸುತ್ತಿದ್ದೆ.

ಮಾವನನ್ನು ಒಪ್ಪಿಸುವುದಕ್ಕೆ ಒಂದು ಬೇಸಿಗೆ ಹಿಡಿಯಿತು. ಕೊನೆಗೆ, “ತತ್ತೀಯೋ ಬುಡ್ತೀಯೋ, ನನ್ನ ತಲೆ ತಿನ್ಬೇಡ” ಅಂದರು. ನಮ್ಮ ಮನೆಯಲ್ಲಿ ಅದನ್ನೇ ಒಪ್ಪಿಗೆ ಅನ್ನುವುದು.

ದೂರದ ಫಾರಮ್ಮಿನಿಂದ ಟಗರು ಗೂಡ್ಸ್ ಆಟೋದಲ್ಲಿ ಬಂದು ಇಳಿದಾಗ ಅರ್ಧ ಊರು ನಮ್ಮ ಜಗಲಿ ಮೇಲಿತ್ತು. ಇಳಿದದ್ದು ಎತ್ತರ ಕಾಲಿನ, ಪಕ್ಕೆಲುಬು ಕಾಣುವ, ಉದ್ದ ಮುಖದ ಪ್ರಾಣಿ. ಮಾವ ಅದರ ಸುತ್ತ ಒಂದು ಸುತ್ತು ಬಂದರು. ಹಿಂದೆ ಹೋಗಿ ಬಗ್ಗಿ ನೋಡಿದರು. ಲಾಳವೂ ಇಲ್ಲ, ಏನೂ ಇಲ್ಲ.

“ಏನವ್ವ ಇದು?”

“ಟಗರು, ಮಾವ.”

“ಯಾರಂದ್ರು?”

“ಫಾರಮ್ಮಿನೋರು.”

“ಒಸಿ ಬೊಗಳಿಸಿ ನೋಡು. ಸುಮ್ಕಿದ್ರೆ ಟಗರು ಅಂತ ಒಪ್ಕತ್ತೀನಿ.”

ಜಗಲಿ ಮೇಲಿದ್ದವರೆಲ್ಲ ನಕ್ಕರು. ನಾನು ಬಾಯಿ ತೆಗೆಯುವ ಮೊದಲೇ, ದಾರಿಯುದ್ದಕ್ಕೂ ಧೂಳು ಕುಡಿದಿದ್ದ ಆ ಬಡಪಾಯಿ ಕತ್ತು ಮುಂದೆ ಚಾಚಿ ಜೋರಾಗಿ ಕೆಮ್ಮಿತು.

ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ಒಳಗೆ ನಡೆದರು. “ಅಗೋ, ಶುರು ಮಾಡ್ದ” ಅಂದರು.

ಹಿಂದಿನ ಬಸ್ಸಿಗೆ ಬತ್ತೈತಾ?

ಮಾರನೇ ದಿನ ಮಾವ ಕೊಟ್ಟಿಗೆಗೆ ಅಡ್ಡಲಾಗಿ ಬಿದಿರಿನ ತಡಿಕೆ ಕಟ್ಟಿದರು. ಆ ಕಡೆ ಅವರ ಕುರಿ, ಅವರ ಬಂಡೂರು ಟಗರು. ಈ ಕಡೆ ನನ್ನ ಪಾಲಿಗೆ ಬಂದ ಕುರಿ, ನನ್ನ ಕೆಮ್ಮುವ ಟಗರು. ಷರತ್ತನ್ನೂ ಹಾಕಿದರು. “ಒಂದೇ ಸಲ ನೋಡ್ತೀನಿ. ಅವಳಿ ಬರ್ನಿಲ್ಲ ಅಂದ್ರೆ ಇವನು ಭಾನುವಾರದ ಸಾರಿಗೆ.”

ಐದು ತಿಂಗಳು ನಾನು ಬಸುರಿ ಹೆಂಗಸನ್ನು ನೋಡಿಕೊಂಡ ಹಾಗೆ ಆ ಕುರಿಗಳನ್ನು ನೋಡಿಕೊಂಡೆ. ಹೊಟ್ಟೆ ಒಂದು ಸುತ್ತು ಜಾಸ್ತಿ ಕಂಡರೆ, “ಇವಳಿಗೆ ಖಂಡಿತ ಎರಡು” ಅಂತ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುತ್ತಿದ್ದೆ.

ಮೊದಲನೆಯದು ಈಯಿತು. ಒಂದು ಮರಿ. ನಾನು ಕಾದೆ. ಊರವರು ಕಾದರು. ಕುರಿ ಮರಿಯನ್ನು ನೆಕ್ಕಿ ಒಣಗಿಸಿ, ಹೆರಿಗೆಯ ಕಸ ಬಿಸಾಕಿ, ಮೇವಿಗೆ ಬಾಯಿ ಹಾಕಿತು. ಮಾವ ತಡಿಕೆಯ ಆ ಕಡೆಯಿಂದ ಕೇಳಿದರು:

“ಇನ್ನೊಂದು ಎಲ್ಲವ್ವ? ಹಿಂದಿನ ಬಸ್ಸಿಗೆ ಬತ್ತೈತಾ?”

ಎರಡನೆಯದೂ ಒಂದೇ. ಮೂರನೆಯದೂ ಒಂದೇ. ಎಲ್ಲ ಮುಗಿದಾಗ ಒಂದು ಕುರಿಗೆ ಒಂದು ಮರಿಯ ಲೆಕ್ಕದಲ್ಲಿ ತಡಿಕೆಯ ಎರಡು ಕಡೆಯೂ ಸರಿಸಮ. ನನಗೆ ಊಟ ಸೇರಲಿಲ್ಲ. ಶನಿವಾರ ಬಂತು. ಮಾವ ಮಸಾಲೆ ಸಾಮಾನು ಇದೆಯಾ ಅಂತ ಅಡುಗೆಮನೆ ಡಬ್ಬ ಅಲ್ಲಾಡಿಸಿ ನೋಡಿದರು.

ನಾನು ಡಾಕ್ಟರಮ್ಮನಿಗೆ ಫೋನು ಮಾಡಿ ಅತ್ತೇ ಬಿಟ್ಟೆ. ಅವರು ಸ್ಕೂಟರಿನಲ್ಲಿ ಓಡಿ ಬಂದರು. ಬಂದವರು ತಲೆ ತಲೆ ಚಚ್ಚಿಕೊಂಡರು.

“ಅವತ್ತು ತರಬೇತೀಲಿ ಅಷ್ಟು ಬಿಡಿಸಿ ಹೇಳಿದ್ನಲ್ಲಮ್ಮ! ಟಗರು ಬಂದ ತಕ್ಷಣ ಅವಳಿ ಆಗಲ್ಲ. ಎಷ್ಟು ಮರಿ ಅನ್ನೋದು ತಾಯಿಯ ಗುಣ. ಇವನು ಆ ಗುಣಾನ ತನ್ನ ಹೆಣ್ಣುಮಕ್ಕಳಿಗೆ ಕೊಡ್ತಾನೆ. ಈಗ ಹುಟ್ಟಿರೋ ಹೆಣ್ಣುಮರಿಗಳು ಬೆಳೆದು ಮರಿ ಹಾಕ್ತಾವಲ್ಲ, ಆಗ ನೋಡಿ ಅವಳಿ.”

ನನಗೆ ಹೋದ ಜೀವ ಬಂದ ಹಾಗಾಯಿತು. ಮಾವ ಮಾತ್ರ ಕಂಬಕ್ಕೆ ಒರಗಿ ಲೆಕ್ಕ ಹಾಕುತ್ತಿದ್ದರು. ಇವನ ಮಕ್ಕಳು ಬೆಳೆಯಬೇಕು, ಗಬ್ಬ ಕಟ್ಟಬೇಕು, ಈಯಬೇಕು. ಎಪ್ಪತ್ತೆಂಟು ದಾಟಿದ ಮನುಷ್ಯ. ನಿಟ್ಟುಸಿರು ಬಿಟ್ಟು ಕೇಳಿದರು:

“ಅಂದ್ರೆ ಇವನ ಮೊಮ್ಮಕ್ಕಳ ಮುಖ ನೋಡೋಗಂಟ ನಾನು ಸಾಯಂಗಿಲ್ಲ ಅನ್ನಿ.”

“ಸಾಯೋ ಹಾಗೇ ಇಲ್ಲ” ಅಂದರು ಡಾಕ್ಟರಮ್ಮ.

ಅವತ್ತಿನಿಂದ ಮಾವ ಬಿಪಿ ಮಾತ್ರೆ ತಪ್ಪಿಸಲಿಲ್ಲ, ಬೀಡಿ ಬಿಟ್ಟರು, ಉಪ್ಪಿನಕಾಯಿ ದೂರ ಇಟ್ಟರು. ಆ ಟಗರು ನಮ್ಮ ಮನೆಯಲ್ಲಿ ಮೊದಲು ಸುಧಾರಿಸಿದ್ದು ಕುರಿಯನ್ನಲ್ಲ, ನಮ್ಮ ಮಾವನನ್ನು.

ಬೀಗರ ಟಗರು

ಹೆಣ್ಣುಮರಿಗಳು ಬೆಳೆದವು. ಬಣ್ಣವೂ ಮೈಯೂ ತಾಯಂದಿರದು, ಕಾಲು ಮಾತ್ರ ಒಂದು ಗೇಣು ಅಪ್ಪನದು. ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು: “ಈ ಮರಿಗಳಿಗೆ ಇದೇ ಟಗರು ಬಿಡೋ ಹಾಗಿಲ್ಲ. ಅಪ್ಪ-ಮಗಳ ಸಂಬಂಧ ಆಗುತ್ತೆ, ತಳಿ ಕೆಡುತ್ತೆ. ಹೊರಗಿಂದ ಗಂಡು ತನ್ನಿ.”

ಮಾಗಡಿ ತಾಲ್ಲೂಕು ಕುದೂರಿನಲ್ಲಿ ಒಂದು ಮನೆಯವರ ಹತ್ತಿರ ಅದೇ ತಳಿಯ, ಬೇರೆ ಫಾರಮ್ಮಿನ ಟಗರಿದೆ ಅಂತ ಗೊತ್ತಾಯಿತು. ಅವರಿಗೂ ನಮ್ಮದೇ ಕಷ್ಟ. ಫೋನಿನಲ್ಲಿ ಮಾತಾಡಿದೆವು, ನಮ್ಮದು ಅವರಿಗೆ, ಅವರದು ನಮಗೆ. ಎರಡನೇ ಸಲ ಮಾತಾಡುವಷ್ಟರಲ್ಲಿ ಆ ಮನೆಯಾಕೆ ನನ್ನನ್ನು “ಬೀಗಿತ್ತಿ” ಅನ್ನುತ್ತಿದ್ದರು.

ಇಬ್ಬರಿಗೂ ನಡುವೆ ಆಗಲಿ ಅಂತ ರಾಮನಗರದ ಹೊರಗೆ ರಸ್ತೆ ಬದಿಯ ಒಂದು ಟೀ ಅಂಗಡಿ ಹತ್ತಿರ ಸೇರಿದೆವು. ನಾವು ನಮ್ಮ ಟಗರಿಗೆ ಸೀಗೆಪುಡಿ ಹಾಕಿ ಮೈ ತೊಳೆಸಿದ್ದೆವು. ಅವರು ಅವರದಕ್ಕೆ ಹಣೆಗೆ ಕುಂಕುಮ ಇಟ್ಟು ಸೇವಂತಿಗೆ ಹಾರ ಹಾಕಿ ತಂದಿದ್ದರು. ನಮಗೆ ಹಾರದ ಯೋಚನೆಯೇ ಬಂದಿರಲಿಲ್ಲ. ನನಗೆ ನಾಚಿಕೆಯಾಗಿ, ಪಕ್ಕದ ಹೂವಿನ ಗಾಡಿಯವಳ ಹತ್ತಿರ ಒಂದು ಹಾರ ಕೊಂಡು ಓಡೋಡಿ ಬಂದು ನಮ್ಮವನ ಕೊರಳಿಗೂ ಹಾಕಿದೆ. ಅದೇ ತಪ್ಪಾಯಿತು. ಈಗ ಎರಡೂ ಒಂದೇ ಥರ.

ಎರಡನ್ನೂ ಕೆಳಗಿಳಿಸಿದ್ದೇ ತಡ, ಒಂದರ ಮುಖ ಒಂದು ನೋಡಿದವು. ಹಗ್ಗ ಕಿತ್ತುಕೊಂಡು ಹಿಂದಕ್ಕೆ ಹೋದವು, ಹೋದವು, ಮತ್ತೆ ನುಗ್ಗಿ ಬಂದು ಢಿಕ್ಕಿ ಹೊಡೆದವು. ಟೀ ಅಂಗಡಿಯವನು ಬೆಂಚು ಹತ್ತಿದ. ಬಸ್ಸು ನಿಂತಿತು. ಡ್ರೈವರ್ ಇಳಿದು ನಮ್ಮ ಟಗರಿನ ಕಡೆ, ಕಂಡಕ್ಟರ್ ಅವರ ಟಗರಿನ ಕಡೆ ಸೇರಿಕೊಂಡರು. ಹಾರದ ಹೂವೆಲ್ಲ ಉದುರಿ, ಮೈಯೆಲ್ಲ ಕೆಮ್ಮಣ್ಣಾಗಿ, ಯಾವುದು ಯಾರದು ಅಂತ ನೋಡುವವರಿಗೆ ತಿಳಿಯದ ಹಾಗಾಯಿತು.

ಪೊಲೀಸಿನವರು ಸೀಟಿ ಊದುತ್ತಾ ಬಂದರು. “ಯಾರ್ರೀ ಇವುಗಳ ಓನರ್‍ರು?”

ಬೀಗರು ನಮ್ಮ ಕಡೆ ಕೈ ತೋರಿಸಿದರು, ನಾವು ಬೀಗರ ಕಡೆ.

“ಯಾರಾದ್ರೂ ಆಗ್ಲಿ, ಮೊದ್ಲು ಎತ್ತಾಕ್ಕೊಂಡು ಜಾಗ ಖಾಲಿ ಮಾಡಿ!”

ಗಂಡಸರು ಆ ಗಡಿಬಿಡಿಯಲ್ಲಿ ಒಂದೊಂದನ್ನು ಒಂದೊಂದು ಆಟೋಗೆ ತುಂಬಿದರು. ಬೀಗಿತ್ತಿ ಆ ಗದ್ದಲದಲ್ಲೂ ಮರೆಯದೆ ನನಗೆ ಎಲೆ ಅಡಿಕೆ, ರವಿಕೆ ಬಟ್ಟೆ ಕೊಟ್ಟರು. ಇಬ್ಬರೂ ನಮ್ಮ ನಮ್ಮ ಟಗರಿನ ಬಗ್ಗೆ “ಚೆನ್ನಾಗಿ ನೋಡ್ಕೊಳಿ” ಅಂತ ಕಣ್ಣೊರೆಸಿಕೊಂಡೆವು.

ಊರಿಗೆ ಬಂದು ಇಳಿಸಿದರೆ, ಹೊಸ ಅಳಿಯ ಯಾರನ್ನೂ ಕೇಳದೆ ನೆಟ್ಟಗೆ ಕೊಟ್ಟಿಗೆಗೆ ನಡೆದ. ಮೂಲೆಯ ಬಕೆಟ್ಟಿನಲ್ಲಿ ನೀರು ಕುಡಿದ. ದಿನಾ ಹೊಡೆಯುವ ಕಂಬಕ್ಕೆ ಒಂದು ಹೊಡೆದ. ತನ್ನ ಜಾಗದಲ್ಲಿ ಮಲಗಿ ಕೆಮ್ಮಿದ.

ಮಾವ ಬೆರಗಿನಿಂದ ನೋಡುತ್ತಿದ್ದರು. “ಬೀಗರ ಟಗರು ಬಲೇ ಬುದ್ಧಿವಂತ ಕಣವ್ವ. ಬಂದ ಗಳಿಗೇಲೇ ಮನೆ ಹೊಂದ್ಕಂಡುಬುಟ್ಟ.”

ನಾನು ನಮ್ಮೆಜಮಾನರ ಮುಖ ನೋಡಿದೆ. ಅವರು ಹುಳದ ಮನೆ ಕಡೆ ಹೊರಟೇ ಹೋದರು. ಇದನ್ನು ಹೇಗಪ್ಪಾ ಹೇಳುವುದು ಅಂತ ಕುದೂರಿಗೆ ಫೋನು ಮಾಡಿದರೆ, ನಾನು ಬಾಯಿ ತೆಗೆಯುವ ಮೊದಲೇ ಬೀಗಿತ್ತಿ ಶುರು ಮಾಡಿದರು:

“ಬೀಗಿತ್ತೀ, ನಿಮ್ ಟಗರು ಬಂಗಾರ! ಬಂದಿದ್ದೇ ನಮ್ ನಾಯಿ ಜೊತೆ ಸ್ನೇಹ ಆಗೋಯ್ತು. ನನ್ ಮಗಳು ಕೂಗಿದ್ರೆ ಓಡಿ ಬತ್ತಾನೆ. ಬೇಜಾರ್ ಮಾಡ್ಕೋಬೇಡಿ, ನಮ್ದಕ್ಕಿಂತ ನಿಮ್ದೇ ವಾಸಿ!”

ಯಾರ್ದು ಈ ಮರಿ?

ಆ ಮೇಲೆ ಇನ್ನೊಂದು ಸಲ ಹೋಗಿ, ಈ ಸಲ ಹಾರ ಗೀರ ಇಲ್ಲದೆ, ಸರಿಯಾಗಿ ಬದಲಾಯಿಸಿಕೊಂಡು ಬಂದೆವು ಅನ್ನಿ. ಹೆಣ್ಣುಮರಿಗಳು ಗಬ್ಬ ಕಟ್ಟಿದವು. ಈ ಸಲ ನಾನು ಯಾರನ್ನೂ ಕರೆದು ಹೊಟ್ಟೆ ತೋರಿಸಲಿಲ್ಲ. ಬಾಯಿ ಮುಚ್ಚಿಕೊಂಡು ಕಾದೆ.

ಮೊದಲನೆಯದು ಈಯುವ ದಿನವೇ ರೇಷ್ಮೆ ಗೂಡು ಮಾರ್ಕೆಟ್ಟಿಗೆ ಹೋಗಬೇಕಾಗಿ ಬಂತು. ಮಾವನಿಗೆ ಹತ್ತು ಸಲ ಹೇಳಿ ರಾಮನಗರಕ್ಕೆ ಹೋದೆವು. ವಾಪಸ್ಸು ಬಂದಾಗ ಮಧ್ಯಾಹ್ನ. ಓಡಿ ಹೋಗಿ ನೋಡಿದರೆ ಕುರಿ ಈದಿದೆ. ಪಕ್ಕದಲ್ಲಿ ಮರಿ, ಒಂದೇ ಒಂದು. ನಾನು ಅಲ್ಲೇ ಕೂತೆ. ಮಾವನೂ ಇಲ್ಲ.

ಪಕ್ಕದ ಮನೆಯವಳು ಬೇಲಿ ಮೇಲಿಂದ ಕೂಗಿದಳು: “ಅಕ್ಕೋ, ನಿಮ್ಮಾವ ಒಂದು ಮರಿ ಕಂಕಳಲ್ಲಿ ಇರುಕ್ಕಂಡು ಮನೆಮನೆ ಸುತ್ತಾವ್ರೆ. ಯಾರ್ದು ಈ ಮರಿ, ಯಾರ್ದು ಈ ಮರಿ ಅಂತ!”

ಆಗಿದ್ದಿಷ್ಟು. ಕುರಿ ಒಂದು ಮರಿ ಹಾಕಿದೆ. ಮಾವ ಅದನ್ನು ಒರೆಸಿ ಮೊಲೆಗೆ ಹಚ್ಚಿ, ಬಾಣಂತಿಗೆ ಬೆಲ್ಲದ ನೀರು ಕಾಯಿಸೋಣ ಅಂತ ಒಳಗೆ ಹೋಗಿದ್ದಾರೆ. ಬಂದು ನೋಡಿದರೆ ಇನ್ನೊಂದು ಮರಿ! ಹುಟ್ಟಿದಾಗಿನಿಂದ ಕುರಿ ಸಾಕಿದ ಮನುಷ್ಯ, ಅವರ ಕೊಟ್ಟಿಗೆಯಲ್ಲಿ ಒಂದು ಹೊಟ್ಟೆಗೆ ಎರಡು ಅವರು ಕಂಡೇ ಇಲ್ಲ. ಒಂದು ಬಿದ್ದಾಗಲೇ ಈ ಸಲವೂ ಇಷ್ಟೇ ಅಂದುಕೊಂಡುಬಿಟ್ಟಿದ್ದಾರೆ. ಯಾರ ಮನೆಯದೋ ಮರಿ ತಪ್ಪಿಸಿಕೊಂಡು ಬಂದಿದೆ, ಪಾಪ ತಾಯಿ ಅರಚುತ್ತಿರಬಹುದು ಅಂತ ಎತ್ತಿಕೊಂಡು ಹೊರಟಿದ್ದಾರೆ.

ನಾನು ಬೀದಿಗೆ ಓಡಿದೆ. ಮಾವ ಎದುರಿಗೆ ಬರಿಗೈಯಲ್ಲಿ ಬರುತ್ತಿದ್ದರು, ಮುಖದಲ್ಲಿ ಒಳ್ಳೇ ಕೆಲಸ ಮಾಡಿದ ತೃಪ್ತಿ.

“ಮರಿ ಎಲ್ಲಿ ಮಾವ?”

“ಕೆಳಗಲ ಬೀದಿ ಅಜ್ಜೀದಂತೆ ಕಣವ್ವ. ಕೊಟ್ಬುಟ್ಟು ಬಂದೆ.”

“ಅಯ್ಯೋ! ಅದು ನಮ್ದೇ! ಅವಳಿ!”

ಮಾವ ನಿಂತಲ್ಲೇ ನಿಂತರು. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು ಆ ವಯಸ್ಸಿನಲ್ಲಿ ಓಡಿದ್ದನ್ನು ನೀವು ನೋಡಬೇಕಿತ್ತು.

ಅಜ್ಜಿ ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಜಗಲಿ ಮೇಲೆ ಕೂತಿತ್ತು, ಬಿಡಲೊಲ್ಲದು. “ನಂದೇ ಕಣ್ರೋ. ನಮ್ ಕೊಟ್ಟಿಗೇಲಿ ಹುಟ್ಟಿದ್ದು.”

ಊರು ಸೇರಿತು. ನಾನು ವಾದಕ್ಕೆ ಹೋಗಲಿಲ್ಲ, ಮನೆಗೆ ಹೋಗಿ ಕುರಿಯನ್ನು ಅದರ ಇನ್ನೊಂದು ಮರಿ ಸಮೇತ ಅಜ್ಜಿ ಬಾಗಿಲಿಗೆ ಹೊಡೆದುಕೊಂಡು ಬಂದೆ. ಕುರಿ ಒಂದು ಸಲ ಮೂಸಿತು, ಗೊಗ್ಗರು ದನಿಯಲ್ಲಿ ಕರೆಯಿತು. ಮರಿ ಅಜ್ಜಿಯ ಮಡಿಲಿನಿಂದ ತೊಪ್ಪನೆ ಬಿದ್ದು, ತಡವರಿಸಿಕೊಂಡು ಬಂದು ಮೊಲೆಗೆ ಬಾಯಿ ಹಾಕಿತು. ಆ ಕಡೆ ಒಂದು, ಈ ಕಡೆ ಒಂದು, ಎರಡು ಬಾಲವೂ ಅಲ್ಲಾಡುತ್ತಿದ್ದವು. ಮಾವ, “ಎರಡೂ ಇವಳ್ದೇ. ನೋಡ್ರಲಾ, ಎರಡೂ ನಮ್ಮವಳ್ದೇ” ಅಂತ ಎಲ್ಲರಿಗೂ ತೋರಿಸಿದರು. ನನ್ನ ತಲೆಯ ಮೇಲೆ ಕೈಯಿಟ್ಟರು. ನನಗೆ ಬೇರೆ ಬಹುಮಾನ ಬೇಕಿರಲಿಲ್ಲ.

ಆಮೇಲೆ ಯಾರೋ ಅಜ್ಜಿಯನ್ನು ಕೇಳಿದರು: “ಅಲ್ಲಜ್ಜಿ, ನಿಮ್ಮನೇಲಿ ಕುರಿಯೇ ಇಲ್ವಲ್ಲ. ಇರೋದು ಎರಡು ಹೋತ!”

ಅಜ್ಜಿ ಸೆರಗು ಕೊಡವಿಕೊಂಡು ಎದ್ದಿತು. “ಈಗಿನ ಕಾಲ್ದಲ್ಲಿ ಏನೇನೋ ಆಯ್ತದೆ. ಇವರ ಮನೇಲಿ ಒಂದು ಕುರಿ ಎರಡು ಹಾಕ್ಬೋದು, ನಮ್ಮನೇಲಿ ಒಂದು ಹೋತ ಒಂದು ಹಾಕ್ಬಾರ್ದಾ?”

ನಾನು ಪಾಠ ಹೇಳಿದ್ದು

ತಡಿಕೆ ಬಿದ್ದಿತು. ಯಾರು ಕಿತ್ತರು ಅಂತ ನಾನು ಕೇಳಲಿಲ್ಲ, ಮಾವ ಹೇಳಲಿಲ್ಲ. ಒಂದು ಬೆಳಗ್ಗೆ ಆ ಬಿದಿರೆಲ್ಲ ಅವರೆ ಬಳ್ಳಿಗೆ ಚಪ್ಪರವಾಗಿತ್ತು.

ಸುದ್ದಿ ಹರಡಿತು. ನಿಮ್ಮ ಟಗರನ್ನು ನಾಲ್ಕು ದಿನ ನಮ್ಮ ಕುರಿಗಳಿಗೂ ಕಳಿಸಿಕೊಡಿ ಅಂತ ಸುತ್ತಲ ಊರವರು ಕೇಳಿಕೊಂಡು ಬರತೊಡಗಿದರು. ಡಾಕ್ಟರಮ್ಮ ಕನಕಪುರದ ಕಡೆಯ ಒಂದು ವ್ಯಾನ್ ತುಂಬ ರೈತರನ್ನು ನಮ್ಮ ಮನೆಗೇ ಕರೆದುಕೊಂಡು ಬಂದರು. ನನ್ನ ತವರಿನ ಕಡೆಯವರ ಮುಂದೆ ನಾನು ಪಾಠ ಹೇಳುವುದು! ಒಳ್ಳೇ ಸೀರೆ ಉಟ್ಟು ಕೊಟ್ಟಿಗೆಯಲ್ಲಿ ನಿಂತೆ. ಮಾವ ಒಂದು ಮಿಶ್ರತಳಿ ಮರಿಯನ್ನು ತಿರುಗಿಸಿ ನಿಲ್ಲಿಸಿ, “ಹಿಂದಿನಿಂದ ನೋಡಿ, ಲಾಳ! ಬಂಡೂರು ಎಲ್ಲೂ ಹೋಗಿಲ್ಲ” ಅಂತ ಒಬ್ಬೊಬ್ಬರನ್ನೇ ಬಗ್ಗಿಸಿ ತೋರಿಸುತ್ತಿದ್ದರು.

ಒಬ್ಬರು ಹಿರಿಯರು ಕೇಳಿದರು: “ಅಲ್ಲಮ್ಮ, ಎರಡು ತಳಿ ಸೇರಿಸಿದ್ರೆ ಎರಡರ ಒಳ್ಳೇ ಗುಣಾನೂ ಬತ್ತದೆ ಅಂತ ಏನು ಗ್ಯಾರಂಟಿ?”

ಡಾಕ್ಟರಮ್ಮ ಕಲಿಸಿದ್ದ ಮಾತು ಆ ಗಳಿಗೆಗೆ ಸರಿಯಾಗಿ ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಹೇಳಿದೆ. “ಗ್ಯಾರಂಟಿ ಇಲ್ಲಣ್ಣ. ಅದ್ಕೇ ಆರಿಸಿ ಆರಿಸಿ ಉಳಿಸ್ಕೋಬೇಕು. ಈಗ ನಮ್ಮನೇದೇ ನೋಡಿ. ನಮ್ಮ ಮಾವ ಮಾತಲ್ಲಿ ಮುಂದು, ಕೆಲಸದಲ್ಲಿ ಹಿಂದು. ನಮ್ಮತ್ತೆ ಇದ್ದಾಗ ಕೆಲಸದಲ್ಲಿ ಮುಂದು, ಮಾತೇ ಇಲ್ಲ. ಎರಡೂ ಒಳ್ಳೇದು ಬಂದಿದ್ರೆ ಮಗ ಮಾತು, ಕೆಲಸ ಎರಡರಲ್ಲೂ ಮುಂದಿರ್ಬೇಕಿತ್ತು. ಎರಡೂ ಕಡೆ ಉಳಿದಿದ್ದು ಬಂದ್ರೆ ಏನಾಯ್ತದೆ ಅಂತ ನೋಡ್ಬೇಕಾ? ಅಗೋ, ಅಲ್ಲಿ ಬಾಗಿಲಲ್ಲಿ ನಿಂತವ್ರಲ್ಲ.”

ವ್ಯಾನಿನವರೆಲ್ಲ ತಿರುಗಿ ನಮ್ಮೆಜಮಾನರನ್ನು ನೋಡಿ ಬಿದ್ದು ಬಿದ್ದು ನಕ್ಕರು. ಮಾವ ಎಲ್ಲರಿಗಿಂತ ಜಾಸ್ತಿ ನಕ್ಕರು. ನಮ್ಮೆಜಮಾನರು ನಗು ನಿಲ್ಲುವವರೆಗೆ ಸೊಪ್ಪಿನ ಬುಟ್ಟಿ ಹಿಡಿದುಕೊಂಡೇ ನಿಂತಿದ್ದರು. ಮದುವೆಯಾದಾಗಿನಿಂದ ಅವರು ನಾಲ್ಕು ಜನರ ಮುಂದೆ ಆಡಿದ ಮೊದಲ ಉದ್ದದ ಮಾತು ಅದೇ ಇರಬೇಕು:

“ನಿಜ. ಅದ್ಕೇ ನಾನು, ನನ್ ಮಕ್ಕಳಾದ್ರೂ ಸುಧಾರಿಸ್ಲಿ ಅಂತ, ನಿಮ್ ಕನಕಪುರದಿಂದ ಒಳ್ಳೇ ತಳಿ ತಂದೆ.”

ಹಾಲು ಬಾಟಲಿ

ಈಗ ಮೊನ್ನೆ ನಡೆದದ್ದು.

ನಮ್ಮ ಮಿಶ್ರತಳಿ ಕುರಿಯೊಂದು ಬೆಳಗ್ಗೆ ಮೂರು ಮರಿ ಹಾಕಿತು. ಮೂರು! ಮಾವ ಖುಷಿಗೆ ಕೊಟ್ಟಿಗೆಯಲ್ಲೇ ಕುಣಿದರು. ಆದರೆ ಕುರಿಗೆ ಮೊಲೆ ಎರಡೇ. ಮೂರನೆಯದು ಸಣ್ಣದು, ನಿಲ್ಲಲೂ ಶಕ್ತಿಯಿಲ್ಲ. ಮೊದಲ ಹಾಲು ಬೇಗ ಹೊಟ್ಟೆಗೆ ಬೀಳದಿದ್ದರೆ ಉಳಿಯುವುದಿಲ್ಲ. ನಾನು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ಚನ್ನಪಟ್ಟಣದಲ್ಲಿ ಇಳಿದು ಮೊದಲು ಸಿಕ್ಕ ಮೆಡಿಕಲ್ ಶಾಪಿಗೆ ನುಗ್ಗಿದೆ. ಕನ್ನಡಕ ಹಾಕಿದ ವಯಸ್ಸಾದ ಸಾಹೇಬರು ಇದ್ದರು. ನನ್ನ ಪಕ್ಕದಲ್ಲಿ ಒಬ್ಬ ಗಟ್ಟಿ ಹೆಂಗಸು ಮಾತ್ರೆ ತೆಗೆದುಕೊಳ್ಳುತ್ತಿದ್ದಳು.

“ಸಾಹೇಬ್ರೆ, ಹಾಲು ಕುಡಿಸೋ ಬಾಟ್ಲಿ ಕೊಡಿ. ನಿಪ್ಪಲ್ಲು ಮೆತ್ತಗಿರ್ಲಿ.”

“ಮಗು ಎಷ್ಟು ತಿಂಗಳದಮ್ಮ?”

ನಾವು ಮನೆಯಲ್ಲಿ ಮರಿಗಳನ್ನು ಮಕ್ಕಳು ಅಂತಲೇ ಅನ್ನುವುದು. ನನಗೆ ಏನೂ ಅನ್ನಿಸಲಿಲ್ಲ. “ತಿಂಗಳೆಲ್ಲಿ ಬಂತು? ಇವತ್ತು ಬೆಳಗ್ಗೆ ಹುಟ್ಟಿದ್ದು. ಮೂರು.”

“ಮೂರು! ಮಾಷಾ ಅಲ್ಲಾ!” ಸಾಹೇಬರ ಮುಖ ಅರಳಿತು. “ಯಾವ ಆಸ್ಪತ್ರೆ?”

“ಆಸ್ಪತ್ರೆಗ್ಯಾಕೆ? ಕೊಟ್ಟಿಗೇಲೇ ಆಯ್ತು.”

“ಕೊಟ್ಟಿಗೇಲಿ?”

“ಮತ್ತೆ ಮನೆಯೊಳಗೆ ಬುಟ್ಕಳಕ್ಕಾಯ್ತದಾ? ಎಲ್ಲಾ ಗಲೀಜು ಮಾಡ್ತಾಳೆ.”

ಪಕ್ಕದ ಹೆಂಗಸು ಮಾತ್ರೆ ಎಣಿಸುವುದನ್ನು ನಿಲ್ಲಿಸಿದಳು. ಸಾಹೇಬರ ದನಿ ಸಣ್ಣದಾಯಿತು. “ಡಾಕ್ಟರು ನೋಡಿದ್ರಾ?”

“ಎರಡು ತಾವಾಗೇ ಬಂದೋ. ಮೂರ್ನೇದು ಒಸಿ ಸಿಕ್ಕಾಕ್ಕಂಡಿತ್ತು, ನಮ್ಮಾವ ಎಳೆದ್ರು.”

“ಮಾವ!”

“ಅವ್ರ ಕೈಗುಣ ಚೆನ್ನಾಗೈತೆ. ಊರಿಗೆಲ್ಲ ಅವ್ರೇ ಎಳೆಯೋದು. ಬೇಗ ಕೊಡಿ ಸಾಹೇಬ್ರೆ.”

“ನೋಡಮ್ಮ, ಬಾಟ್ಲಿಗಿಂತ ತಾಯಿ ಹಾಲು ಒಳ್ಳೇದು.”

“ತಾಯಿ ಹಾಲೇ ಕಣಿ. ಕರೆದು ಬಾಟ್ಲಿಗೆ ತುಂಬ್ಸಾದು.”

“ಕರೆದು?” ಸಾಹೇಬರು ಕನ್ನಡಕ ತೆಗೆದರು. “ತಾಯಿ ಈಗ ಹೆಂಗಿದಾಳೆ?”

“ಅವಳಿಗೇನು, ಗುಂಡುಕಲ್ಲು. ಆಗ್ಲೇ ಎದ್ದು ಹೊರಗೆ ಮೇಯ್ತಾವ್ಳೆ.”

ಪಕ್ಕದವಳಿಗೆ ತಡೆಯಲಾಗಲಿಲ್ಲ. “ಏನಕ್ಕ ನೀವು! ಮೂರು ಹೆತ್ತ ಹೆಣ್ಣುಮಗಳನ್ನ ಮೇಯ್ತಾವ್ಳೆ ಅಂತೀರಲ್ಲ! ಬಾಣಂತಿಗೆ ಹಾಸಿಗೆ ಗೀಸಿಗೆ ಬ್ಯಾಡ್ವಾ? ಆ ಮಕ್ಕಳ ಅಪ್ಪ ಅನ್ನಿಸ್ಕಂಡೋನು ಎಲ್ಲವ್ನೆ?”

ಇವಳಿಗ್ಯಾಕೆ ನಮ್ಮ ಟಗರಿನ ವಿಚಾರ ಅಂದುಕೊಂಡೆ. ಆದರೆ ಅವನ ಮಾತು ಬಂದರೆ ನನಗೆ ಹೆಮ್ಮೆ ತಡೆಯುವುದಿಲ್ಲ. “ಅವನು ಊರಲ್ಲಿಲ್ಲ. ಮಾಗಡಿ ಕಡೆ ಕಳ್ಸಿದ್ದೀವಿ. ಅಲ್ಲಿ ಇನ್ನೂ ಒಂದು ಹನ್ನೆರಡು ಅವನಿಗೋಸ್ಕರ ಕಾಯ್ತಾ ಅವ್ರೆ.”

“ಹನ್ನೆರಡಾ!”

“ಅದೇನು ಮಹಾ! ಎಲ್ಲಿಗೆ ಹೋದ್ರೂ ಹೆಸರು ತತ್ತಾನೆ. ನಾವೇ ಆಟೋ ಮಾಡಿ ಕಳ್ಸೋದು. ಜನ ಹಾರ ಹಾಕಿ ಕರ್ಕೊತ್ತಾರೆ.”

ಸಾಹೇಬರು ಮೆಲ್ಲಗೆ ಫೋನು ಕೈಗೆತ್ತಿಕೊಂಡರು. ಆ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಥೂ, ಅವನ ವಂಶ ನಿರ್ವಂಶ ಆಗ! ನಾಚ್ಕೆ ಆಗಲ್ವಾ ನಿಮ್ಗೆ, ಅದ್ನ ಅಂಗಡೀಲಿ ನಿಂತು ಹೇಳ್ಕಳಕ್ಕೆ? ನಮ್ಮೂರಿಗೇನಾದ್ರೂ ಬಂದ್ರೆ ಅವನ ಕಾಲು ಮುರ್ದು ಕಳಿಸ್ತೀನಿ! ಸಾಹೇಬ್ರೆ, ಪೊಲೀಸ್ಗೆ ಮಾಡಿ ಫೋನ!”

ಕಾಲು ಮುರಿಯುವುದು ಅಂದಾಗ ನನಗೂ ರೇಗಿತು. “ಏಯ್, ಯಾರ ಕಾಲು ಮುರಿಯೋದು? ಅವನಂಥ ಟಗರು ಈ ನಾಲ್ಕು ತಾಲ್ಲೂಕಲ್ಲಿ ಇನ್ನೊಂದು ತೋರ್ಸು ನೋಡಾನ!”

ಫೋನು ವಾಪಸ್ಸು ಗಲ್ಲಾದ ಮೇಲೆ ಇಳಿಯಿತು.

“ಟಗರಾ?” ಅಂದರು ಸಾಹೇಬರು.

ನಾನು ಮೊಬೈಲು ತೆಗೆದು ಬೆಳಗಿನ ಫೋಟೋ ತೋರಿಸಿದೆ. ಮೂರು ಮರಿ, ಹಿಂದೆ ಹಲ್ಲು ಬಿಟ್ಟುಕೊಂಡು ನಿಂತ ಮಾವ. ಸಾಹೇಬರು ಫೋಟೋ ನೋಡಿದರು, ನನ್ನನ್ನು ನೋಡಿದರು, ಗಲ್ಲಾದ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಎದ್ದು ಒಳ್ಳೇ ಬಾಟಲಿ ಆರಿಸಿ, ನಿಪ್ಪಲ್ಲಿನ ತೂತು ಪರೀಕ್ಷಿಸಿ, ಕಾಗದದಲ್ಲಿ ಸುತ್ತಿ ಕೈಗಿಟ್ಟು, “ದುಡ್ಡು ಬೇಡಮ್ಮ, ಮೂರು ಮಕ್ಕಳಿಗೆ ನನ್ನ ಕಡೆಯಿಂದ” ಅಂದರು. ಆ ಬಾಟಲಿಯಲ್ಲಿ ಕುಡಿದೇ ಸಣ್ಣದು ಈಗ ಕೊಟ್ಟಿಗೆಯನ್ನೆಲ್ಲ ಆಳುತ್ತಿದೆ.

ನಾನು ಬಸ್ಸಿಗೆ ಓಡುತ್ತಿದ್ದೆ. ಆ ಹೆಂಗಸು ಹಿಂದೆಯೇ ಓಡಿ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ಅತ್ತ ಇತ್ತ ನೋಡಿ, ನನ್ನ ಕೈ ಹಿಡಿದು ಸಣ್ಣ ದನಿಯಲ್ಲಿ ಅಂದಳು:

“ಅಕ್ಕ, ಬಾಯಿಗೆ ಬಂದಂಗೆ ಅಂದ್ಬುಟ್ಟೆ. ಬೇಜಾರ್ ಮಾಡ್ಕೋಬೇಡಿ. ನಮ್ದು ವಿರೂಪಾಕ್ಷಿಪುರ. ನಮ್ಮನೇಲೂ ಎಂಟು ಜನ ಕಾಯ್ತಾ ಅವ್ರೆ. ನಿಮ್ ಟಗರಪ್ನೋರನ್ನ ಯಾವತ್ತು ಕಳಿಸ್ತೀರಾ?”